ದುರ್ಗದ ಸೀಮೆಯ ಮಕ್ಕಳ ತುತ್ತು

ಚಿತ್ರದುರ್ಗದ ಕೋಟೆ ನೋಡಲು ಬಂದವರು ಓಬವ್ವನ ಕಿಂಡಿಯ ಬಳಿ ಸಾಲುಗಟ್ಟಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಬೆಟ್ಟದ ಕಣಜಗಳ ಮುಂದೆ ನಿಲ್ಲುವವರು ಕಡಿಮೆ. ಪಾಳೆಯಗಾರರಿಗಾದರೋ ಆ ಕಣಜ, ಎಣ್ಣೆಕೊಳ, ನೀರಿನ ಹೊಂಡಗಳು ಮದ್ದುಗುಂಡಿನಷ್ಟೇ ಮುಖ್ಯವಾಗಿದ್ದವು. ಮುತ್ತಿಗೆ ತಿಂಗಳುಗಟ್ಟಲೆ ಎಳೆದರೆ ಎಂಥ ಏಳು ಸುತ್ತಿನ ಕೋಟೆಯೂ ಹಸಿವಿಗೆ ಬಾಗಿಲು ತೆರೆಯಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಕೋಟೆಯ ಕೆಳಗಿನ ಹಳ್ಳಿಗಳಿಗೆ ಹಗೇವೇ ಕಣಜ. ಗಟ್ಟಿ ನೆಲದಲ್ಲಿ ಆಳು ಮುಳುಗುವಷ್ಟು ಆಳಕ್ಕೆ ತೋಡಿ, ಒಳಗೆ ಹುಲ್ಲು ಹಾಸಿ, ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಡುತ್ತಿದ್ದರು. ಗಾಳಿಯಾಡದ ಆ ಕತ್ತಲಲ್ಲಿ ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತಿತ್ತು. ತೆಗೆಯುವ ದಿನ ಚಪ್ಪಡಿ ಸರಿಸಿದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ಹಗ್ಗ ಕಟ್ಟಿ ದೀಪ ಇಳಿಬಿಡಬೇಕು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದರ್ಥ, ಇನ್ನಷ್ಟು ಹೊತ್ತು ಕಾಯಬೇಕು. ಹಿರಿಯೂರಿನಂಥ ಕಡೆ, ಸಾಮಾನ್ಯ ವರ್ಷದಲ್ಲೂ 600 ಮಿಲಿಮೀಟರ್ ಮಳೆ ಕಾಣದ ನೆಲದಲ್ಲಿ, ಒಂದು ಬೆಳೆ ಕೈಕೊಟ್ಟರೂ ಮಕ್ಕಳ ಬಾಯಿಗೆ ಅಂಬಲಿ ಸಿಗುತ್ತಿದ್ದುದು ಈ ಗುಂಡಿಗಳಿಂದ. ಆದರೆ ಹಗೇವು ಇದ್ದದ್ದು ಗೌಡರ, ಶಾನುಭೋಗರ, ನಾಲ್ಕೆತ್ತಿನ ಕುಳಗಳ ಹಿತ್ತಿಲಲ್ಲಿ. ಕೂಲಿಯವನ ಗುಡಿಸಲಿನ ಹಿಂದೆ ಹಗೇವು ತೋಡಲು ಜಾಗವೂ ಇರಲಿಲ್ಲ, ತುಂಬಲು ಕಾಳೂ ಇರಲಿಲ್ಲ. ಕಾಳು ಊರಲ್ಲಿರುವುದು ಬೇರೆ, ಮಗುವಿನ ತಟ್ಟೆಗೆ ಬರುವುದು ಬೇರೆ. ಈ ಸೀಮೆಯ ಹಸಿವಿನ ಕಥೆಯೆಲ್ಲ ಆ ಎರಡರ ನಡುವಿನ ದೂರದ ಕಥೆ.

ಆ ದೂರ ಎಷ್ಟೆಂದು ತೋರಿಸಿದ್ದು ಧಾತು–ಈಶ್ವರ ಸಂವತ್ಸರಗಳ ಬರ. 1875ರಲ್ಲಿ ಮಳೆ ಕುಂಟಿತು, 1876ರಲ್ಲಿ ಪೂರ್ತಿ ಕೈಬಿಟ್ಟಿತು. 1878ರ ಹೊತ್ತಿಗೆ ಮೈಸೂರು ಸೀಮೆಯ ಬಯಲು ತಾಲ್ಲೂಕುಗಳು ಖಾಲಿಯಾಗಿದ್ದವು. 1871ರ ಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನ 1881ರಲ್ಲಿ 41,86,188ಕ್ಕೆ ಇಳಿದಿದ್ದರು. ಬೆಳೆಯಬೇಕಾಗಿದ್ದ ಜನಸಂಖ್ಯೆ ಹತ್ತು ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಗ್ಗಿತ್ತು. ಹೆಚ್ಚು ಪೆಟ್ಟು ತಿಂದವು ಕೋಲಾರ, ತುಮಕೂರು, ಚಿತ್ರದುರ್ಗದಂಥ ಬಯಲುಸೀಮೆಯ ಜಿಲ್ಲೆಗಳು. ಬರದ ನಡುವೆ ಹುಟ್ಟಿದ ಕೂಸುಗಳೇ ಕಡಿಮೆ, ಹುಟ್ಟಿದವುಗಳಲ್ಲಿ ಉಳಿದವು ಇನ್ನೂ ಕಡಿಮೆ.

ಆಗ ಆಡಳಿತ ಬ್ರಿಟಿಷ್ ಕಮಿಷನರದು. ಮದರಾಸಿನಿಂದ ಬೆಂಗಳೂರಿಗೆ ರೈಲು ಇತ್ತು, ಧಾನ್ಯವೂ ಬರುತ್ತಿತ್ತು. ಬೆಂಗಳೂರಿನಿಂದ ಹಿರಿಯೂರಿಗೆ, ಹೊಸದುರ್ಗಕ್ಕೆ ಸಾಗಿಸಬೇಕಾದದ್ದು ಗಾಡಿಯಲ್ಲಿ. ಗಾಡಿ ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. 1877ರಲ್ಲಿ ವೈಸರಾಯ್ ಲಿಟನ್ ಮೈಸೂರಿಗೆ ಬಂದು ಹೋದ. ಚಾರ್ಲ್ಸ್ ಎಲಿಯಟ್ ಬರ ಪರಿಹಾರದ ಕಮಿಷನರ್ ಆಗಿ ನೇಮಕಗೊಂಡ. ಗಂಜಿ ಕೇಂದ್ರಗಳು ನಡೆದವು, ಲಂಡನ್ನಿನ ಮ್ಯಾನ್ಷನ್ ಹೌಸ್ ನಿಧಿಗೆ ಆರು ಲಕ್ಷ ಪೌಂಡಿಗೂ ಮಿಕ್ಕಿ ಚಂದಾ ಬಂತು, ತಬ್ಬಲಿ ಮಕ್ಕಳನ್ನು ಮಿಷನ್ನಿನವರ ಅನಾಥಾಲಯಗಳು ಸೇರಿಸಿಕೊಂಡವು. ಇಷ್ಟಾದರೂ ಗಂಜಿ ಸಿಗುತ್ತಿದ್ದದ್ದು ನಡೆದು ಬಂದವರಿಗೆ. ನಡೆಯಲಾರದ ಮಗುವಿನ ಹಟ್ಟಿಯ ತನಕ ಗಂಜಿ ನಡೆದು ಹೋಗಲಿಲ್ಲ.

ಆ ಬರ ಎರಡು ದೊಡ್ಡ ಕಾಮಗಾರಿಗಳನ್ನು ಈ ಸೀಮೆಗೆ ಕೊಟ್ಟು ಹೋಯಿತು ಎನ್ನಬಹುದು. ಒಂದು, ಬೆಂಗಳೂರು–ಹರಿಹರ ರೈಲು; 1889ರ ಹೊತ್ತಿಗೆ ಹೊಸದುರ್ಗ ರೋಡ್, ಚಿಕ್ಕಜಾಜೂರುಗಳನ್ನು ಹಾದು ಓಡತೊಡಗಿತು. ಇನ್ನೊಂದು, ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಎದ್ದ ಅಣೆಕಟ್ಟು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು; ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ ಬಂತು. 30 ಟಿಎಂಸಿ ಹಿಡಿಯುವ ಈ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳೇ ಇಲ್ಲಿನ ಮಳೆಯ ಜಾತಕ. ನೀರು ಹರಿದ ಅಚ್ಚುಕಟ್ಟಿನಲ್ಲಿ ತೆಂಗು, ಬಾಳೆ ಎದ್ದವು. ಮೇಲಿನ ಬೆದ್ದಲು ಬೆದ್ದಲಾಗಿಯೇ ಉಳಿಯಿತು.

ಹಸಿದ ಹುಡುಗನಿಗೆ ಓದುವ ಆಸೆಯೂ ಇದ್ದರೆ ಅವನ ಪಾಡೇನು? ಹಳೆ ಮೈಸೂರಿನ ಉತ್ತರ ವಾರಾನ್ನ. ಹಳ್ಳಿಯ ಬಡ ಹುಡುಗ ತಾಲ್ಲೂಕು ಕೇಂದ್ರಕ್ಕೆ ಬಂದು, ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ ಎಂದು ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಉಣ್ಣುತ್ತಿದ್ದ. ಒಂದು ಮನೆ ತಪ್ಪಿದರೆ ಆ ದಿನ ತಣ್ಣೀರೇ ಗತಿ. ಕನ್ನಡದ ಎಷ್ಟೋ ದೊಡ್ಡವರು ಹೀಗೆ ಓದಿ ಮುಂದೆ ಬಂದವರು, ಆತ್ಮಕಥೆಗಳಲ್ಲಿ ಅದನ್ನು ಕೃತಜ್ಞತೆಯಿಂದ ನೆನೆದವರು. ಕೃತಜ್ಞತೆ ಸರಿಯೇ. ಆದರೆ ವಾರಾನ್ನ ಜಾತಿಯ ಹೊಸಿಲು ದಾಟಲಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಬ್ರಾಹ್ಮಣ ಹುಡುಗನಿಗೆ ಏಳು ಮನೆ ಸಿಗುತ್ತಿದ್ದ ಊರಿನಲ್ಲಿ ಗೊಲ್ಲರ, ಮಾದಿಗರ, ಬೇಡರ ಹುಡುಗನಿಗೆ ಒಂದು ಮನೆಯೂ ಸಿಗುತ್ತಿರಲಿಲ್ಲ; ಹುಡುಗಿಯರ ಮಾತಂತೂ ಏಳುತ್ತಲೇ ಇರಲಿಲ್ಲ.

ಮಠಗಳ ಉಚಿತ ಪ್ರಸಾದನಿಲಯಗಳು ಈ ಕಟ್ಟನ್ನು ಸಡಿಲಿಸಿದವು. ಚಿತ್ರದುರ್ಗದ ಬೃಹನ್ಮಠದ ಜಯದೇವ ಸ್ವಾಮಿಗಳು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನಾಡಿನ ಹಲವು ಊರುಗಳಲ್ಲಿ ವಿದ್ಯಾರ್ಥಿನಿಲಯ ತೆರೆಸಿದರು. ಸಿರಿಗೆರೆಯ ತರಳಬಾಳು ಮಠ ಹಳ್ಳಿಗಳಲ್ಲಿ ಶಾಲೆ, ಹಾಸ್ಟೆಲುಗಳನ್ನು ಕಟ್ಟಿತು. ಪಕ್ಕದ ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳ ಪಂಕ್ತಿ ದಿನವೂ ಕೂರುತ್ತಿತ್ತು, ಈಗಲೂ ಕೂರುತ್ತದೆ. ಆಮೇಲೆ ಸರ್ಕಾರದ ಹಾಸ್ಟೆಲುಗಳು ಬಂದವು. ಇವೆಲ್ಲವೂ ಶಾಲೆಯ ಮೆಟ್ಟಿಲು ಹತ್ತಿ ಊರು ಬಿಟ್ಟು ಬಂದ ಮಕ್ಕಳಿಗೆ.

ಊರಲ್ಲೇ ಇದ್ದ ಮಕ್ಕಳಿಗೆ ಮೊದಲು ಬಂದದ್ದು ಅಮೆರಿಕದ ಉಪ್ಪಿಟ್ಟು. ಅರವತ್ತು–ಎಪ್ಪತ್ತರ ದಶಕಗಳಲ್ಲಿ ಕೇರ್ ಸಂಸ್ಥೆಯ ಗೋಧಿ ನುಚ್ಚು, ಹಾಲಿನ ಪುಡಿ, ಡಬ್ಬಿ ಎಣ್ಣೆ ಶಾಲೆಗಳಿಗೆ ಬರುತ್ತಿತ್ತು. ಆ ಹಳದಿ ಉಪ್ಪಿಟ್ಟಿನ ವಾಸನೆ ಈಗ ಅರವತ್ತು ದಾಟಿದವರಿಗೆ ಇನ್ನೂ ಮರೆತಿಲ್ಲ. ಆಟದ ಬೆಲ್ಲಿಗೆ ಮುಂಚೆ ಎಲೆಯನ್ನೋ ತಟ್ಟೆಯನ್ನೋ ಹಿಡಿದು ಸಾಲು ನಿಲ್ಲುತ್ತಿದ್ದವರಲ್ಲಿ ಹಲವರಿಗೆ ಅದೇ ಆ ದಿನದ ಮೊದಲ ಊಟ. ಎಲ್ಲ ಶಾಲೆಗೂ ಬರಲಿಲ್ಲ, ಎಲ್ಲ ದಿನವೂ ಬರಲಿಲ್ಲ.

ಶಾಲೆಯಲ್ಲಿ ಊಟ ಕೊಡುವುದು ಹೊಸ ವಿಚಾರವೇನಲ್ಲ. ಬೋಯರ್ ಯುದ್ಧಕ್ಕೆ ಸೇರಲು ಬಂದ ಯುವಕರ ಬಡಕಲು ಮೈ ಕಂಡು ಗಾಬರಿಯಾದ ಇಂಗ್ಲೆಂಡ್ 1906ರಲ್ಲೇ ಅದಕ್ಕೆ ಕಾನೂನು ಮಾಡಿತ್ತು. ಅಮೆರಿಕ 1946ರಲ್ಲಿ ಮಾಡಿತು. ನೆರೆಯ ಮದರಾಸಿನಲ್ಲಿ ಕಾಮರಾಜರು ಐವತ್ತರ ದಶಕದಲ್ಲಿ ಶುರುಮಾಡಿದ್ದನ್ನು ಎಂ.ಜಿ. ರಾಮಚಂದ್ರನ್ 1982ರಲ್ಲಿ ವಿಸ್ತರಿಸಿದರು. ಕರ್ನಾಟಕ ತಡಮಾಡಿತು. 1995ರಲ್ಲಿ ಕೇಂದ್ರದ ಯೋಜನೆ ಬಂದಾಗಲೂ ಇಲ್ಲಿ ಕೊಟ್ಟದ್ದು ಹಾಜರಾತಿ ನೋಡಿ ತಿಂಗಳಿಗೆ ಮೂರು ಕಿಲೋ ಧಾನ್ಯ. ಅದು ಮನೆಯ ಮಡಕೆಗೆ ಸೇರಿ ಎಲ್ಲರ ಪಾಲಾಗುತ್ತಿತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಗಿ, ಮರುವರ್ಷ ಚಿತ್ರದುರ್ಗವೂ ಸೇರಿ ಉಳಿದ ಜಿಲ್ಲೆಗಳಿಗೆ ಬಂತು. 2013ರ ಆಹಾರ ಭದ್ರತಾ ಕಾಯ್ದೆಯೊಂದಿಗೆ ಅದು ಮಗುವಿನ ಹಕ್ಕಾಯಿತು. ವಾರಾನ್ನದ ಹುಡುಗ ಮನೆಯೊಡತಿಯ ಮುಖ ನೋಡಿ ಉಣ್ಣುತ್ತಿದ್ದ. ಬಿಸಿಯೂಟದ ಹುಡುಗಿ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಲೆಕ್ಕ ಸರಳ. ಐದನೆಯ ತರಗತಿಯವರೆಗೆ ತಲೆಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಅದರ ಮೇಲಿನವರಿಗೆ ಒಂದೂವರೆ ಪಟ್ಟು. ಬಡಿಸುವ ಮುಂಚೆ ಶಿಕ್ಷಕರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು ಸೇರಿತು. ಮೊಟ್ಟೆಗೆ ಮಾತ್ರ ದೊಡ್ಡ ಜಗಳವೇ ನಡೆಯಿತು. 2021ರ ಡಿಸೆಂಬರಿನಲ್ಲಿ ಕೆಲವು ಮಠಾಧೀಶರು ವಿರೋಧಿಸಿದಾಗ, ಬೇಡವೆಂದರೆ ಮಠಕ್ಕೇ ಬಂದು ಮೊಟ್ಟೆ ತಿನ್ನುತ್ತೇವೆ ಎಂದು ಗಂಗಾವತಿಯ ಶಾಲಾ ಬಾಲಕಿ ಹೇಳಿದ್ದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ವಾದ ಅಲ್ಲಿಗೇ ಮುಗಿಯಬೇಕಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಬಂತು. ತಿನ್ನದವರಿಗೆ ಬಾಳೆಹಣ್ಣು. ಇದನ್ನೆಲ್ಲ ಬೇಯಿಸಿ ಬಡಿಸುವ ಹೆಂಗಸರ ತಿಂಗಳ ಗೌರವಧನ ಮಾತ್ರ ಐದು ಸಾವಿರ ಮುಟ್ಟಿಲ್ಲ. ಅದನ್ನು ಸಂಬಳ ಎನ್ನಲು ಸರ್ಕಾರಕ್ಕೂ ನಾಚಿಕೆ ಇರಬೇಕು.

ಇನ್ನೊಂದು ವಿಚಿತ್ರವಿದೆ. ಹೊಸದುರ್ಗದ ಬೆದ್ದಲು ಸಾಮೆ, ನವಣೆ, ರಾಗಿಯ ನೆಲ. ಅಲ್ಲಿನ ಸಾಮೆ ಪಟ್ಟಣದ ಅಂಗಡಿಗಳಲ್ಲಿ ಸಿರಿಧಾನ್ಯವೆಂದು ಸಕ್ಕರೆ ಕಾಯಿಲೆಯವರಿಗೆ ದುಬಾರಿ ಬೆಲೆಗೆ ಮಾರಾಟವಾಗುತ್ತದೆ. ಅದೇ ಹೊಲದ ಬದುವಿನ ಶಾಲೆಯ ಮಕ್ಕಳು ಗೋದಾಮಿನ ಅಕ್ಕಿ ಉಣ್ಣುತ್ತಾರೆ. 2024ರಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಶುರುವಾದದ್ದು ಒಳ್ಳೆಯದೇ, ಆದರೆ ಅದು ಒಂದು ಲೋಟದ ಮಾತು.

ಶಾಲೆಯ ಒಲೆ ಎಷ್ಟು ಚೆನ್ನಾಗಿ ಉರಿದರೂ ಅದು ಆರು ವರ್ಷದ ನಂತರದ ಮಾತು. ಮಗುವಿನ ಎತ್ತರ ಬಹುಮಟ್ಟಿಗೆ ನಿರ್ಧಾರವಾಗುವುದು ಮೊದಲ ಎರಡು ವರ್ಷದಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು, ಶೇ 65.5 ಮಂದಿಗೆ ರಕ್ತಹೀನತೆ. ಜಗತ್ತಿನಲ್ಲಿ ಹೀಗೆ ಕುಂಠಿತವಾಗಿ ಬೆಳೆಯುವ ಮಕ್ಕಳು ಸುಮಾರು 15 ಕೋಟಿ. ದುರ್ಗದ ಸೀಮೆಯಲ್ಲಿ ಈ ಪುಟ್ಟ ಮಕ್ಕಳು ತಪ್ಪಿಹೋಗಲು ಗೊತ್ತಿರುವ ದಾರಿಗಳಿವೆ: ಕಾಫಿ ತೋಟಕ್ಕೋ ಬೆಂಗಳೂರಿಗೋ ಗುಳೆ ಹೋದ ಕುಟುಂಬದ ಕೂಸು ಎರಡೂ ಊರಿನ ಅಂಗನವಾಡಿ ಪುಸ್ತಕದಲ್ಲಿ ಇರುವುದಿಲ್ಲ, ಹೆರಿಗೆಯ ಸೂತಕವೆಂದು ಬಾಣಂತಿ, ಮಗುವನ್ನು ಹೊರಗಿಡುವ ಕೆಲವು ಗೊಲ್ಲರಹಟ್ಟಿಗಳ ಪದ್ಧತಿ ಇನ್ನೂ ಪೂರ್ತಿ ಸತ್ತಿಲ್ಲ.

ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಪ್ರತಿ ಅಂಗನವಾಡಿಯಲ್ಲೂ ಇರಬೇಕಾದದ್ದು. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳು ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು, ಬೇರೆ ತೊಡಕೂ ಇದ್ದರೆ ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ ಕಳಿಸಬೇಕು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಲ್ಲಿ ಇರುವವರು ಒಮ್ಮೆ ತಮ್ಮೂರಿನ ಅಂಗನವಾಡಿಗೆ ಹೋಗಿ, ಆ ಪಟ್ಟಿ ಇದೆಯೇ, ಕಳೆದ ತಿಂಗಳು ಎಷ್ಟು ಮಕ್ಕಳ ತೋಳು ಅಳೆದರು ಎಂದು ಕೇಳಬೇಕು. ಅಂಗನವಾಡಿಯ ಮೇಲೆ ಕಣ್ಣಿಡುವ ಬಾಲವಿಕಾಸ ಸಮಿತಿಯ ಮುಂದೂ ಈ ಪ್ರಶ್ನೆ ಇಡಬೇಕು. ಸುಗ್ಗಿಯಲ್ಲಿ ಮಠಕ್ಕೆ, ಜಾತ್ರೆಗೆ ಚೀಲ ಅಳೆಯುವ ಕೈ ಅಂಗನವಾಡಿಗೂ ಒಂದು ಚೀಲ ರಾಗಿ, ಒಂದಿಷ್ಟು ಶೇಂಗಾ ಅಳೆಯಲಿ.