ತಾಂಗ್ಟ್ಸೆಯ ಬಂಡೆ: ಸಮರ್ಕಂದದ ಚೈತ್ರ ನಿಂತ ಜಾಗಕ್ಕೆ ಒಂಟಿ ಪ್ರಯಾಣ

ಶಾಸನ ನೋಡೋಕೆ ನಾವು ಸಾಮಾನ್ಯವಾಗಿ ಇಬ್ಬರು ಮೂವರಾದರೂ ಹೋಗುತ್ತೇವೆ. ಒಬ್ಬರು ಕಲ್ಲು ತೊಳೆದರೆ ಒಬ್ಬರು ಓದುತ್ತಾರೆ, ಇನ್ನೊಬ್ಬರು ಊರಿನವರ ಜೊತೆ ಮಾತಿಗೆ ಕೂರುತ್ತಾರೆ. ಹೋದ ಸೆಪ್ಟೆಂಬರಿನಲ್ಲಿ ಮಾತ್ರ ನಾನೊಬ್ಬನೇ ಹೋಗಬೇಕಾಯಿತು. ಜೊತೆಗಿದ್ದ ಗೆಳೆಯರು ಲೇಹ್‌ನಲ್ಲಿ ಎರಡು ದಿನ ತಲೆನೋವು, ವಾಂತಿಯಲ್ಲಿ ನರಳಿ ಮೂರನೆಯ ದಿನ ವಿಮಾನ ಹತ್ತಿಬಿಟ್ಟರು. ಗಾಡಿ ನನ್ನದೇ, ಪರವಾನಗಿ ಕೈಯಲ್ಲಿತ್ತು. ಹನ್ನೆರಡು ವರ್ಷದಿಂದ ಪುಸ್ತಕದಲ್ಲಿ ಮಾತ್ರ ನೋಡಿದ್ದ ಬಂಡೆ ಒಂದು ದಿನದ ದಾರಿಯಲ್ಲಿತ್ತು. ವಾಪಸ್ ಹೋಗಲು ಮನಸ್ಸಾಗಲಿಲ್ಲ.

ಲೇಹ್‌ನಿಂದ ಸಿಂಧೂ ನದಿಯ ದಂಡೆಯಲ್ಲಿ ಸುಮಾರು 35 ಕಿಲೋಮೀಟರ್ ಹೋದರೆ ಕಾರು ಎಂಬ ಊರು (ಹೌದು, ಊರಿನ ಹೆಸರೇ ಕಾರು). ಅಲ್ಲಿ ಎಡಕ್ಕೆ ತಿರುಗಿ ಸಕ್ತಿ ದಾಟಿದ ಮೇಲೆ ಏರು ಶುರು. ಚಾಂಗ್ ಲಾ ಸುಮಾರು 5,360 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂಥ ಎರಡೂಮುಕ್ಕಾಲು ಬೆಟ್ಟ ಒಂದರ ಮೇಲೊಂದು ಇಟ್ಟ ಹಾಗೆ. ತುದಿಯ ಹತ್ತಿರ ಡಾಂಬರು ಮುಗಿದು ಬರೀ ಕಲ್ಲು, ಕರಗಿದ ಹಿಮದ ನೀರು, ನೆರಳಿನಲ್ಲಿ ತೆಳ್ಳಗೆ ಗಟ್ಟಿಯಾದ ಮಂಜು. ಗಾಳಿ ತೆಳುವಾದ್ದರಿಂದ ಇಂಜಿನ್ನಿಗೂ ಉಸಿರಿಲ್ಲ, ಒಂದನೇ ಗೇರಿನಲ್ಲೇ ತೆವಳಬೇಕು. ಒಬ್ಬನೇ ಓಡಿಸುವಾಗ ಕಷ್ಟವಾಗೋದು ಕಂದಕದ ಕಡೆಯ ಚಕ್ರ ಎಲ್ಲಿದೆ ಅಂತ ಹೇಳೋಕೆ ಪಕ್ಕದಲ್ಲಿ ಯಾರೂ ಇಲ್ಲದಿರೋದು. ಎದುರಿಗೆ ಸೇನೆಯ ಲಾರಿಗಳ ಸಾಲು ಬಂದಾಗ ಒಂದು ತಿರುವಿನಲ್ಲಿ ಹಿಂದಕ್ಕೆ ಬರಬೇಕಾಯಿತು. ಇಪ್ಪತ್ತು ಅಡಿ ಹಿಂದೆ ಬರಲು ಮೂರು ಸಲ ಇಳಿದು ನೋಡಿದೆ. ಮೊದಲನೇ ಲಾರಿಯ ಚಾಲಕ ಬೀಡಿ ಹಚ್ಚಿಕೊಂಡು ತಾಳ್ಮೆಯಿಂದ ಕಾದ.

ಆಚೆ ಇಳಿದರೆ ದುರ್ಬುಕ್. ಶಾಸನದ ಅರ್ಧ ಕತೆ ಇರೋದು ಇಲ್ಲೇ. ದುರ್ಬುಕ್‌ನಿಂದ ಒಂದು ದಾರಿ ಶ್ಯೋಕ್ ನದಿ ಹಿಡಿದು ಉತ್ತರಕ್ಕೆ, ಕಾರಕೋರಂ ಕಡೆಗೆ ಹೋಗುತ್ತದೆ. ಇಂದಿನ 255 ಕಿಲೋಮೀಟರಿನ ದೌಲತ್ ಬೇಗ್ ಓಲ್ಡಿ ರಸ್ತೆ ಅದೇ ದಿಕ್ಕಿನದು. ಇನ್ನೊಂದು ದಾರಿ ತಾಂಗ್ಟ್ಸೆಗೆ. ಅಲ್ಲಿಂದ ಮುಂದೆ ಪ್ಯಾಂಗಾಂಗ್ ಸರೋವರ, ಚುಶೂಲ್, ಅದರಾಚೆ ಪಶ್ಚಿಮ ಟಿಬೆಟ್ಟಿನ ರುದೋಕ್. ಲೇಹ್ ಕಡೆಯಿಂದ ಬಂದವನಾಗಲಿ, ಯಾರ್ಕಂದದ ಕಡೆಯಿಂದ ಶ್ಯೋಕ್ ಹಿಡಿದು ಬಂದವನಾಗಲಿ, ರುದೋಕ್‌ಗೆ ಹೋಗಬೇಕಿದ್ದರೆ ಈ ಕಣಿವೆಗೆ ಬರುತ್ತಿದ್ದ. ಹುಲ್ಲು, ನೀರು, ಬಾರ್ಲಿ ಬೆಳೆಯುವ ಹೊಲ ಇಲ್ಲಿವೆ. ಮುಂದೆ ಅವು ಅಪರೂಪ. ನಕ್ಷೆಯಲ್ಲಿ ಇದು ನನಗೆ ಹೊಳೆದಿರಲಿಲ್ಲ. ಚಾಂಗ್ ಲಾ ಇಳಿದು ಮೊದಲ ಹಸಿರು ಕಂಡಾಗ ಕಾಲು ತಾನಾಗಿ ಬ್ರೇಕ್ ಒತ್ತಿತಲ್ಲ, ಆಗ ಅರ್ಥವಾಯಿತು. ಪ್ರಾಣಿ ಹೂಡಿಕೊಂಡು ಬಂದವನೂ ಇಲ್ಲಿ ನಿಲ್ಲದೆ ಹೋಗಿರಲಾರ. ನಿಂತವನಿಗೆ ಬಿಡುವು ಸಿಗುತ್ತದೆ, ಬಿಡುವು ಸಿಕ್ಕವನು ಬಂಡೆ ಕೆತ್ತುತ್ತಾನೆ.

ತಾಂಗ್ಟ್ಸೆಯ ಬಂಡೆಗಳ ಮೇಲೆ ಟಿಬೆಟನ್ ಬರಹಗಳ ಜೊತೆ ಸೊಗ್ದಿಯನ್ ಬರಹಗಳಿವೆ, ಸಮಭುಜದ ಶಿಲುಬೆಗಳಿವೆ. ಸೊಗ್ದಿಯನ್ ಎಂದರೆ ಸಮರ್ಕಂದ, ಬುಖಾರಾ ಸೀಮೆಯ ಇರಾನಿ ಭಾಷೆ. ಲಿಪಿ ಅರಮಾಯಿಕ್‌ನಿಂದ ಹುಟ್ಟಿದ್ದು. ರೇಷ್ಮೆ ದಾರಿಯ ಉದ್ದಕ್ಕೂ ವ್ಯಾಪಾರದ ಮಾತು ಇದೇ ಆಗಿತ್ತು. ಲಡಾಖಿನಲ್ಲಿದ್ದ ಜರ್ಮನ್ ಮಿಷನರಿ ಎ. ಎಚ್. ಫ್ರಾಂಕೆ ಇವನ್ನು ವಿದ್ವಾಂಸರ ಗಮನಕ್ಕೆ ತಂದರು, ಮ್ಯೂಲರ್ 1925ರಲ್ಲಿ ಬರ್ಲಿನ್ನಿನಲ್ಲಿ ಓದು ಪ್ರಕಟಿಸಿದರು. ಈಗ ನಾವೆಲ್ಲ ನೆಚ್ಚಿಕೊಂಡಿರುವುದು ನಿಕೊಲಸ್ ಸಿಮ್ಸ್-ವಿಲಿಯಮ್ಸ್ 1993ರಲ್ಲಿ ಕೊಟ್ಟ ಓದನ್ನು. ಅದರ ಸಾರ ಇಷ್ಟೇ: 210ನೇ ವರ್ಷ, ಸಮರ್ಕಂದದ ಚೈತ್ರನನ್ನು ನೋಶ್-ಫರ್ನ್ ಎಂಬ ಭಿಕ್ಷುವಿನ ಜೊತೆ ಟಿಬೆಟ್ಟಿನ ಕಗಾನನ ಬಳಿಗೆ ದೂತನಾಗಿ ಕಳಿಸಲಾಗಿದೆ.

ದಾನವಿಲ್ಲ, ಬಿರುದಾವಳಿಯಿಲ್ಲ, ಶಾಪಾಶಯವಿಲ್ಲ. ಕಳಿಸಿದವನ ಹೆಸರೂ ಇಲ್ಲ. ಚೈತ್ರ ಅನ್ನೋದು ನಮ್ಮ ಸಂಸ್ಕೃತದ ಮಾಸದ ಹೆಸರೇ, ನಮ್ಮ ಕಡೆ ಈಗ ಹೆಣ್ಣುಮಕ್ಕಳಿಗೆ ಇಡುತ್ತೇವೆ. ಬೌದ್ಧಧರ್ಮದ ಜೊತೆ ನಡೆದು ಸಮರ್ಕಂದ ಮುಟ್ಟಿ, ಅಲ್ಲಿಂದ ಮನುಷ್ಯನ ಹೆಸರಾಗಿ ಲಡಾಖಿಗೆ ಬಂದಿದೆ ಎಂದು ನನ್ನ ಊಹೆ. ಹತ್ತಿರದಲ್ಲಿ ಶಿಲುಬೆ ಇರುವುದರಿಂದ ಈ ದೂತರನ್ನು ಕ್ರೈಸ್ತರೆಂದು ಬಹಳ ಕಡೆ ಬರೆದಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಒಂದು ಬಂಡೆಯ ಮೇಲಿರುವ ಎರಡು ಗುರುತು ಒಬ್ಬನದೇ ಆಗಬೇಕಿಲ್ಲ. ವೀರಗಲ್ಲಿನ ಪಕ್ಕ ಇನ್ನೂರು ವರ್ಷದ ನಂತರ ಕೆತ್ತಿದ ಆಂಜನೇಯನನ್ನು ನೋಡಿ ವೀರನ ಮತ ನಿರ್ಧರಿಸುತ್ತೇವಾ?

ಕಾಲದ ಲೆಕ್ಕಕ್ಕೆ ಬರೋಣ. ಶಕವರ್ಷಕ್ಕೆ 78 ಕೂಡಿಸಿ ನಮಗೆ ರೂಢಿ. ಇಲ್ಲಿ ಯಾವ ಶಕೆ ಅಂತ ಶಾಸನ ಹೇಳಿಲ್ಲ. ಹಿಜರಿ ಎಂದರೆ 825-26 ಆಗುತ್ತದೆ. ಇರಾನಿನ ಕೊನೆಯ ಸಸಾನಿ ದೊರೆ ಯಜ್ದೆಗರ್ದ್ 632ರಲ್ಲಿ ಪಟ್ಟಕ್ಕೆ ಬಂದಾಗಿನಿಂದ ಎಣಿಸಿದರೆ 841-42. ಹೆಚ್ಚಿನವರು ಎರಡನೆಯದನ್ನು ಹಿಡಿಯುತ್ತಾರೆ. ಅದು ಸರಿಯಾದರೆ ಎದೆ ಝಲ್ಲೆನ್ನುವ ವರ್ಷ ಅದು. ಟಿಬೆಟ್ಟಿನ ಸಾಮ್ರಾಟ ಲಂಗ್‌ದರ್ಮ ಕೊಲೆಯಾದದ್ದು 842ರಲ್ಲಿ ಎಂದು ಸಂಪ್ರದಾಯದ ಎಣಿಕೆ. ಅಲ್ಲಿಂದ ಮುಂದೆ ಆ ಸಾಮ್ರಾಜ್ಯ ಮತ್ತೆ ಒಂದಾಗಲಿಲ್ಲ. ಈ ಇಬ್ಬರು ಹೊತ್ತು ತಂದ ಓಲೆ ತಲುಪುವ ಹೊತ್ತಿಗೆ ಅದನ್ನು ತೆಗೆದುಕೊಳ್ಳಲು ಕಗಾನ ಇದ್ದನೇ? ಬಂಡೆ ಹೊರಟ ಸುದ್ದಿ ಹೇಳುತ್ತದೆ, ಮುಟ್ಟಿದ ಸುದ್ದಿ ಹೇಳುವುದಿಲ್ಲ.

ಸೊಗ್ದಿಯನ್ನರು ಹೀಗೆ ಬಂಡೆ ಕೆತ್ತುವುದರಲ್ಲಿ ಪಳಗಿದವರು. ಸಿಂಧೂ ನದಿಯ ಕೆಳದಾರಿಯಲ್ಲಿ, ಈಗ ಪಾಕಿಸ್ತಾನದಲ್ಲಿರುವ ಶತಿಯಾಲ್‌ನಲ್ಲಿ, ಅವರದು ನೂರಾರು ಬರಹ ಸಿಕ್ಕಿವೆ. ಚೈತ್ರನಿಗಿಂತ ಕೆಲವು ಶತಮಾನ ಹಿಂದಿನವನಾದ ನಾನೈ-ವಂದಕ್ ಎಂಬಾತ ಅಲ್ಲಿ ಸ್ಥಳದ ದೈವಕ್ಕೆ ಕೇಳಿಕೊಳ್ಳುವುದು ಒಂದೇ: ಬೇಗ ಊರು ಮುಟ್ಟಿಸು, ಅಣ್ಣನೋ ತಮ್ಮನೋ ಕ್ಷೇಮವಾಗಿರುವುದನ್ನು ಕಣ್ಣಾರೆ ನೋಡುವಂತೆ ಮಾಡು. ನಮ್ಮ ಶ್ರವಣಬೆಳಗೊಳದಲ್ಲೂ ಬಂದುಹೋದ ಯಾತ್ರಿಕರ ಬರಹಗಳುಂಟು, ಉತ್ತರದವರ ಮಹಾಜನಿ ಲಿಪಿಯಲ್ಲೂ ಉಂಟು. ನರಸಿಂಹಾಚಾರ್ಯರು 1923ರ ಆವೃತ್ತಿಯಲ್ಲಿ ಕೊಟ್ಟ 500 ಶಾಸನಗಳಲ್ಲಿ ಇಂಥವನ್ನೂ ಬಿಡದೆ ಸೇರಿಸಿದರಲ್ಲ, ಅದು ದೊಡ್ಡತನ. ನಾವು ವಿದ್ಯಾರ್ಥಿಗಳಾಗಿದ್ದಾಗ ಅವನ್ನು ಓದದೆ ದಾನಶಾಸನಕ್ಕೆ ಪುಟ ತಿರುಗಿಸುತ್ತಿದ್ದೆವು.

ಯಾತ್ರಿಕನ ಬರಹಕ್ಕೆ ಒಂದು ಸಂಕಟವಿದೆ. ದಾನಶಾಸನವನ್ನು ಮ್ಯೂಸಿಯಮ್ಮಿಗೆ ಸಾಗಿಸಿದರೂ ದಾನದ ವಿವರ ಉಳಿಯುತ್ತದೆ. ಇದನ್ನು ಜಾಗದಿಂದ ಎತ್ತಿದರೆ ದಾರಿ ಇಲ್ಲಿತ್ತು ಎನ್ನುವ ಸಾಕ್ಷಿಯೇ ಹೋಯಿತು. ಇಂಥ ಬಂಡೆಗಳು ಇರುವುದು ದಾರಿಯ ಪಕ್ಕದಲ್ಲೇ, ದಾರಿ ಅಗಲ ಮಾಡಲು ಮೊದಲು ಒಡೆಯುವುದೂ ದಾರಿ ಪಕ್ಕದ ಬಂಡೆಗಳನ್ನೇ. ಫ್ರಾಂಕೆ ವಾಸವಿದ್ದ ಖಲತ್ಸೆಯಲ್ಲಿ ಸೇತುವೆಯ ಸುತ್ತ ಅವರು ಕಂಡಿದ್ದ ಕೆತ್ತನೆಯ ಬಂಡೆಗಳಲ್ಲಿ ಎಷ್ಟೋ ಆಮೇಲೆ ರಸ್ತೆ, ಕಟ್ಟಡದ ಜಲ್ಲಿಯಾದವು. ರಸ್ತೆ ಬೇಡ ಅನ್ನುವ ಬಾಯಿ ನನಗಿಲ್ಲ. ನಾನು ಅಲ್ಲಿಗೆ ಹೋದದ್ದೇ ಆ ರಸ್ತೆಯಲ್ಲಿ, ಆ ಊರಿನ ಬಸುರಿಯರು ಆಸ್ಪತ್ರೆಗೆ ಹೋಗುವುದೂ ಅದರಲ್ಲೇ. ಆದರೆ ಸಿಡಿಮದ್ದು ಇಡುವ ಮೊದಲು ಒಬ್ಬರು ಒಂದು ದಿನ ಕ್ಯಾಮೆರಾ ಹಿಡಿದು ನಡೆದುಬಂದರೆ ಸಾಕು. ಅಷ್ಟಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಸಂಜೆ ಐದರ ಓರೆಬಿಸಿಲಿನಲ್ಲಿ ಅಕ್ಷರಗಳು ಎದ್ದು ಕಂಡವು. ಸೀಮೆಸುಣ್ಣ ತುಂಬಲಿಲ್ಲ, ಪಡಿಯಚ್ಚೂ ತೆಗೆಯಲಿಲ್ಲ. ಹೋಗುವವರು ದಯವಿಟ್ಟು ಎರಡನ್ನೂ ಮಾಡಬೇಡಿ, ಪಕ್ಕದಿಂದ ಬೀಳುವ ಬೆಳಕೇ ಸಾಕು. ಊರಿನ ಹಿರಿಯರೊಬ್ಬರು ಬಂದು, ಏನು ಬರೆದಿದೆ ಅಂತ ಹಿಂದಿಯಲ್ಲಿ ಕೇಳಿದರು. ಸಮರ್ಕಂದದಿಂದ ಬಂದವರು ಟಿಬೆಟ್ಟಿನ ರಾಜನನ್ನು ನೋಡಲು ಹೋಗುತ್ತಿದ್ದರಂತೆ ಎಂದೆ. ಅವರು ಪೂರ್ವದ ಕಡೆ ನೋಡಿ, ಈಗ ಆ ಕಡೆ ಯಾರನ್ನೂ ಬಿಡುವುದಿಲ್ಲ, ನಮ್ಮ ಕುರಿಗಳನ್ನೂ ಬಿಡುವುದಿಲ್ಲ ಅಂದರು.

ಮರುದಿನ ನಸುಕಿನಲ್ಲೇ ಹೊರಟೆ. ಬಿಸಿಲೇರಿದರೆ ಹಿಮ ಕರಗಿ ಹಳ್ಳಗಳಲ್ಲಿ ನೀರು ಏರುತ್ತದೆ. ಆದರೂ ದುರ್ಬುಕ್‌ವರೆಗೆ ಹೊಸದಾಗಿ ಒಡೆದ ಕಲ್ಲಿನ ರಾಶಿ ಕಂಡಲ್ಲೆಲ್ಲ ಗಾಡಿ ನಿಲ್ಲಿಸಿದೆ. ಐದು ಕಡೆ ಇಳಿದು ಚೂರುಗಳನ್ನು ತಿರುವಿ ನೋಡಿದೆ. ನಾಲ್ಕು ಕಡೆ ಏನೂ ಇರಲಿಲ್ಲ. ಐದನೆಯದರಲ್ಲಿ ಅಂಗೈಯಗಲದ ಒಂದು ಚೂರಿನ ಮೇಲೆ ಕಾಡುಮೇಕೆಯ ಹಿಂಗಾಲು ಇತ್ತು. ಉಳಿದ ಮೇಕೆಯನ್ನು ಅರ್ಧ ಗಂಟೆ ಹುಡುಕಿದೆ, ಸಿಗಲಿಲ್ಲ. ಚೂರನ್ನು ಅಲ್ಲೇ ಇಟ್ಟು, ಫೋಟೋ ತೆಗೆದು, ಜಾಗದ ಅಕ್ಷಾಂಶ ರೇಖಾಂಶ ಬರೆದುಕೊಂಡೆ.