ಮೈತ್ರಿಗೆ ಮತದಾರನ ಒಪ್ಪಿಗೆ ಬೇಡವೇ?

‘ಮಿತ್ರ’ನಿಂದ ಹುಟ್ಟಿದ ಮಾತು ಮೈತ್ರಿ. ಮನಸ್ಸಿನಲ್ಲಿ ಬೆಳೆಸಿಕೊಳ್ಳಬೇಕಾದ ನಾಲ್ಕು ಭಾವಗಳನ್ನು ಎಣಿಸುವಾಗ ಬೌದ್ಧರು ಕರುಣೆ, ಮುದಿತೆ, ಉಪೇಕ್ಷೆಗಳಿಗಿಂತ ಮೊದಲು ಇದನ್ನಿಟ್ಟರು. ಪತಂಜಲಿಯ ಯೋಗಸೂತ್ರದಲ್ಲೂ ಅದೇ ಕ್ರಮ. ಇಂದು ಪತ್ರಿಕೆ ಬಿಡಿಸಿದರೆ ಈ ಮಾತು ಒಂಟಿಯಾಗಿ ಸಿಗುವುದೇ ಅಪರೂಪ. ಮೈತ್ರಿ ಸರ್ಕಾರ, ಮೈತ್ರಿಕೂಟ, ಮೈತ್ರಿ ಧರ್ಮ, ಮೈತ್ರಿಯಲ್ಲಿ ಬಿರುಕು ಎಂದು ಯಾವುದಾದರೊಂದರ ಜೊತೆಗೂಡಿಯೇ ಬರುತ್ತದೆ.

ಕರ್ನಾಟಕದಲ್ಲಿ 1983ರ ರಾಮಕೃಷ್ಣ ಹೆಗಡೆಯವರ ಸರ್ಕಾರದ ಕಾಲಕ್ಕೆ ಚಾಲ್ತಿಯಲ್ಲಿದ್ದದ್ದು ‘ಬಾಹ್ಯ ಬೆಂಬಲ’. ಮೈತ್ರಿ ಮನೆಮಾತಾದದ್ದು 2004ರಲ್ಲಿ. ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58 ಸ್ಥಾನ ಬಂದವು. ಊರೂರಿನಲ್ಲಿ ಎದುರುಬದುರು ನಿಂತು ಮತ ಕೇಳಿದ್ದ ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿ ಧರ್ಮಸಿಂಗ್ ಸರ್ಕಾರ ರಚಿಸಿದವು. 2006ರ ಫೆಬ್ರವರಿಯಲ್ಲಿ, ಹೆಸರಿನಲ್ಲೇ ‘ಜಾತ್ಯತೀತ’ ಇಟ್ಟುಕೊಂಡ ಜೆಡಿಎಸ್ ಬಿಜೆಪಿಯ ಜೊತೆ ಅಧಿಕಾರಕ್ಕೆ ಬಂತು. ತಲಾ 20 ತಿಂಗಳು ಮುಖ್ಯಮಂತ್ರಿ ಸ್ಥಾನ ಎಂಬುದು ಕರಾರು. 2007ರ ಅಕ್ಟೋಬರ್‌ನಲ್ಲಿ ಬಿಜೆಪಿಗೆ ಅಧಿಕಾರ ಹಸ್ತಾಂತರ ಆಗಲಿಲ್ಲ. ಆಗ ನಾಡಿನ ತುಂಬ ಕೇಳಿಬಂದ ಮಾತು ‘ವಚನಭ್ರಷ್ಟ’.

ನನ್ನನ್ನು ಇಂದಿಗೂ ಕಾಡುವುದು ಆ ಮಾತೇ. ನಾಯಕ ನಾಯಕನಿಗೆ ಕೊಟ್ಟ ಮಾತು ಮುರಿದರೆ ಅದಕ್ಕೊಂದು ಹೆಸರಿದೆ, ಪ್ರಚಾರಕ್ಕೆ ಅದೊಂದು ವಿಷಯವೂ ಆಗುತ್ತದೆ. ಮನೆಬಾಗಿಲಿಗೆ ಬಂದು ಮತದಾರನಿಗೆ ಕೊಟ್ಟ ಮಾತು ಮುರಿದಾಗ? ಅದಕ್ಕೆ ಸಿಕ್ಕಿರುವ ಹೆಸರೇ ಮೈತ್ರಿ.

2018ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಮತ್ತೆ ಕೂಡಿದಾಗ ಪತ್ರಿಕೆಗಳು ‘ದೋಸ್ತಿ ಸರ್ಕಾರ’ ಎಂದು ಕರೆದವು. ಹಳೇ ಮೈಸೂರು ಸೀಮೆಯಲ್ಲಿ ಈ ಎರಡು ಪಕ್ಷಗಳೇ ಬದ್ಧ ಎದುರಾಳಿಗಳು. ವೇದಿಕೆಯ ಮೇಲೆ ನಾಯಕರು ಕೈಹಿಡಿದು ಎತ್ತಿದರೂ ಬೂತಿನ ಕಾರ್ಯಕರ್ತರ ಮನಸ್ಸು ಕೂಡಲಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ 28 ಸ್ಥಾನಗಳ ಪೈಕಿ ಮೈತ್ರಿಗೆ ದಕ್ಕಿದ್ದು ಎರಡೇ. ಅದೇ ವರ್ಷದ ಜುಲೈನಲ್ಲಿ 99–105 ಮತಗಳಿಂದ ಸರ್ಕಾರ ಬಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಎನ್‌ಡಿಎ ಸೇರಿತು.

ಬಹುಮತ ಬಾರದಿದ್ದಾಗ ಪಕ್ಷಗಳು ಕೂಡುವುದು ತಪ್ಪಲ್ಲ. ಯಾರೂ ಕೂಡದಿದ್ದರೆ ಮತ್ತೆ ಚುನಾವಣೆಯೇ ಗತಿ. ಆದರೆ ನಮ್ಮ ಕಾನೂನು ಒಂದು ಕಡೆಗೆ ಮಾತ್ರ ಬಿಗಿಯಾಗಿದೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಪರಿಚ್ಛೇದ ಶಾಸಕನನ್ನು ಪಕ್ಷಕ್ಕೆ ಕಟ್ಟಿಹಾಕುತ್ತದೆ. ಪಕ್ಷವನ್ನು ಅದು ಆಡಿದ ಮಾತಿಗೆ ಕಟ್ಟಿಹಾಕುವ ನಿಯಮ ಮಾತ್ರ ಇಲ್ಲ. ಶಾಸಕನೊಬ್ಬ ಹಾರಿದರೆ ಪಕ್ಷಾಂತರ, ಪಕ್ಷಕ್ಕೆ ಪಕ್ಷವೇ ಹಾರಿದರೆ ಮೈತ್ರಿ.

ಆ ನಿಯಮ ಬರುವವರೆಗೂ ಕೇಳುವ ಹಕ್ಕು ನಮ್ಮದು. ಬಹುಮತ ಬಾರದಿದ್ದರೆ ಯಾರ ಜೊತೆ ಹೋಗುತ್ತೀರಿ, ಯಾರ ಜೊತೆ ಎಂದಿಗೂ ಹೋಗುವುದಿಲ್ಲ ಎಂಬುದನ್ನು ಪಕ್ಷಗಳು ಪ್ರಣಾಳಿಕೆಯಲ್ಲೇ ಬರೆಯಲಿ. ಮುಂದಿನ ಸಲ ಮತ ಕೇಳಲು ಬಂದವರಿಗೆ ರಸ್ತೆ, ನೀರಿನ ಜೊತೆಗೆ ಈ ಪ್ರಶ್ನೆಯನ್ನೂ ಹಾಕಿ. ಉತ್ತರ ಕೊಡದವರಿಗೆ ಮತ ಕೊಡಬೇಡಿ.