ಥಾಯ್ಲೆಂಡ್ ಹಳ್ಳಿಗಳ ಹೋಂಸ್ಟೇ: ಮನೆಗೂ ಊರಿಗೂ ಅತಿಥಿ

ಥಾಯ್ಲೆಂಡ್ ಎಂದೊಡನೆ ಬ್ಯಾಂಕಾಕಿನ ಅಂಗಡಿಬೀದಿಗಳು, ಪಟ್ಟಾಯದ ಕಡಲತೀರ ನೆನಪಾಗುವುದು ಸಹಜ. ಆದರೆ ಮಕ್ಕಳು, ಹಿರಿಯರೊಡನೆ ಹೊರಡುವ ಕುಟುಂಬಗಳಿಗೆ ಅಲ್ಲಿನ ಹಳ್ಳಿಗಳು ಬೇರೆಯದೇ ಅನುಭವ ನೀಡಬಲ್ಲವು. ಥಾಯ್ ಭಾಷೆಯ ‘ಬಾನ್’ ಎಂಬ ಪದಕ್ಕೆ ಮನೆ, ಹಳ್ಳಿ ಎಂಬ ಎರಡೂ ಅರ್ಥಗಳುಂಟು. ಅಲ್ಲಿನ ಗ್ರಾಮೀಣ ಹೋಂಸ್ಟೇ ಪದ್ಧತಿಯ ತಿರುಳೂ ಇದೇ: ಮನೆಗೆ ಬಂದವರು ಇಡೀ ಊರಿಗೆ ಅತಿಥಿಗಳು.

ವ್ಯವಸ್ಥೆ ಹೇಗೆ?

ಸಮುದಾಯವೇ ನಡೆಸುವ ಹೋಂಸ್ಟೇಗಳಲ್ಲಿ ಸಾಮಾನ್ಯವಾಗಿ ಗ್ರಾಮದ ಸಮಿತಿಯೊಂದು ಅತಿಥಿಗಳನ್ನು ಸರದಿಯ ಪ್ರಕಾರ ಮನೆಗಳಿಗೆ ಹಂಚುತ್ತದೆ. ಪಾವತಿಸಿದ ಹಣದಲ್ಲಿ ಒಂದು ಪಾಲು ಮನೆಯವರಿಗೆ, ಇನ್ನೊಂದು ಪಾಲು ಗ್ರಾಮನಿಧಿಗೆ ಸಲ್ಲುತ್ತದೆ. ಹೀಗಾಗಿ ದೊಡ್ಡ ಮನೆಯವರಷ್ಟೇ ಲಾಭ ಗಳಿಸುವ ಸ್ಥಿತಿ ಉಂಟಾಗದು. 2008ರ ನಿಯಮದಂತೆ ಗರಿಷ್ಠ 4 ಕೊಠಡಿ, 20 ಅತಿಥಿಗಳ ವಸತಿಯನ್ನು ಹೋಟೆಲ್ ಎಂದು ಪರಿಗಣಿಸುತ್ತಿರಲಿಲ್ಲ. 2023ರಲ್ಲಿ ಈ ಮಿತಿಯನ್ನು 8 ಕೊಠಡಿ, 30 ಅತಿಥಿಗಳಿಗೆ ಏರಿಸಲಾಯಿತು. ವಸತಿ, ಆಹಾರ, ಸುರಕ್ಷತೆ ಮೊದಲಾದವನ್ನು ಪರಿಶೀಲಿಸಿ ಪ್ರವಾಸೋದ್ಯಮ ಇಲಾಖೆಯು ‘ಹೋಂಸ್ಟೇ ಥಾಯ್’ ಮಾನ್ಯತೆ ನೀಡುತ್ತದೆ.

ಎಲ್ಲಿಗೆ ಹೋಗಬಹುದು?

ಮೇ ಕಂಪೋಂಗ್: ಚಿಯಾಂಗ್ ಮಾಯ್ ನಗರದಿಂದ ಸುಮಾರು 50 ಕಿ.ಮೀ. ದೂರದ ಬೆಟ್ಟದೂರು. ನಮ್ಮ ಎಲೆಯಡಿಕೆಯಂತೆ ಬಾಯಲ್ಲಿಟ್ಟು ಅಗಿಯುವ ‘ಮಿಯಾಂಗ್’, ಅಂದರೆ ಹುದುಗಿಸಿದ ಚಹಾ ಎಲೆ, ಇಲ್ಲಿನ ಹಳೆಯ ಕಸುಬು. ತೊರೆಯ ನೀರಿನಿಂದ ವಿದ್ಯುತ್ ಉತ್ಪಾದಿಸಿ ಸಹಕಾರಿ ಪದ್ಧತಿಯಲ್ಲಿ ಹಂಚಿಕೊಂಡ ಊರಿದು.

ಕೊ ಯಾವೊ ನೋಯ್: ಫಾಂಗ್ ನ್ಗಾ ಕೊಲ್ಲಿಯ ದ್ವೀಪ. ನಿವಾಸಿಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಮೀನುಗಾರಿಕೆ, ರಬ್ಬರ್ ಕೃಷಿ ಜೀವನಾಧಾರ. ದೊಡ್ಡ ಟ್ರಾಲರ್ ದೋಣಿಗಳಿಂದ ಮತ್ಸ್ಯಸಂಪತ್ತನ್ನು ಉಳಿಸಿಕೊಳ್ಳುವ ಹೋರಾಟದ ಬೆನ್ನಲ್ಲೇ ಇಲ್ಲಿ ಹೋಂಸ್ಟೇ ಬೆಳೆಯಿತು.

ಬಾನ್ ಪ್ರಾಸಾತ್: ಈಶಾನ್ಯದ ನಖೋನ್ ರಾಚಸೀಮಾ ಪ್ರಾಂತ್ಯದ ಹಳ್ಳಿ. ಉತ್ಖನನದಲ್ಲಿ ದೊರೆತ ಪ್ರಾಗೈತಿಹಾಸಿಕ ಸಮಾಧಿಗಳನ್ನು ಮನೆಗಳ ನಡುವೆಯೇ ಕಾಣಬಹುದು.

ಊಟ, ವಸತಿ, ನಡವಳಿಕೆ

ನೆಲದ ಮೇಲೆ ಹಾಸಿಗೆ, ಸೊಳ್ಳೆಪರದೆ, ಹಲವೆಡೆ ಚೊಂಬಿನಿಂದ ಮೊಗೆದು ಮೀಯುವ ರೂಢಿ: ನಮ್ಮ ಊರುಮನೆಗಳನ್ನು ಬಲ್ಲವರಿಗೆ ಇವು ಹೊಸತಲ್ಲ. ಉತ್ತರ ಹಾಗೂ ಈಶಾನ್ಯದಲ್ಲಿ ಅಂಟು ಅನ್ನವನ್ನು ಕೈಯಲ್ಲೇ ಉಂಡೆ ಕಟ್ಟಿ ಉಣ್ಣುತ್ತಾರೆ.

ಸಸ್ಯಾಹಾರಿಗಳು ಎಚ್ಚರ ವಹಿಸಬೇಕು. ಮಾಂಸವಿಲ್ಲದ ಪಲ್ಯದಲ್ಲಿಯೂ ಮೀನಿನ ರಸ ‘ನಾಮ್ ಪ್ಲಾ’ ಇರುವುದುಂಟು. ‘ಜೇ’ ಎಂದು ಮುಂಚಿತವಾಗಿ ತಿಳಿಸಿದರೆ ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಹಾಲು, ಬೆಳ್ಳುಳ್ಳಿ, ಈರುಳ್ಳಿಯನ್ನೂ ಬಿಟ್ಟ ಅಡುಗೆ ಎಂದು ಅರ್ಥ.

ಮನೆಯೊಳಗೆ ಪಾದರಕ್ಷೆ ಸಲ್ಲದು. ಕೈಮುಗಿದು ‘ವಾಯ್’ ಮಾಡುವುದೇ ವಂದನೆ. ಅಕ್ಕರೆಯಿಂದಲೂ ಮಕ್ಕಳ ತಲೆ ಮುಟ್ಟಬಾರದು. ಬುದ್ಧನ ಮೂರ್ತಿಯತ್ತಲಾಗಲಿ, ಹಿರಿಯರತ್ತಲಾಗಲಿ ಕಾಲು ಚಾಚಬಾರದು. ಮುಸ್ಲಿಂ ಹಳ್ಳಿಗಳಿಗೆ ಮದ್ಯ ಒಯ್ಯದಿರುವುದು, ಮೈತುಂಬ ಬಟ್ಟೆ ತೊಡುವುದು ಉಚಿತ.

ಹೊರಡುವ ಮುನ್ನ

ನವೆಂಬರ್‌ನಿಂದ ಫೆಬ್ರವರಿಯವರೆಗೆ ಹವೆ ಹಿತಕರ. ಮಾರ್ಚ್, ಏಪ್ರಿಲ್‌ನಲ್ಲಿ ಉತ್ತರದ ಬೆಟ್ಟಗಳನ್ನು ಕಾಡು, ಹೊಲಗಳ ಬೆಂಕಿಯ ಹೊಗೆ ಆವರಿಸುವುದರಿಂದ ಉಬ್ಬಸವುಳ್ಳವರು ಆ ದಿನಗಳನ್ನು ತಪ್ಪಿಸುವುದು ಒಳಿತು. ದೇಶ ಪ್ರವೇಶಕ್ಕೆ ಮುನ್ನ ಡಿಜಿಟಲ್ ಆಗಮನ ಪತ್ರ ತುಂಬುವುದು 2025ರ ಮೇ 1ರಿಂದ ಕಡ್ಡಾಯವಾಗಿದೆ. ವಿದೇಶಿಯರು ತಂಗಿದ 24 ಗಂಟೆಗಳೊಳಗೆ ಮನೆಯವರು ವಲಸೆ ಇಲಾಖೆಗೆ ತಿಳಿಸಬೇಕಾದ್ದರಿಂದ ಪಾಸ್‌ಪೋರ್ಟ್ ಕೇಳಿದರೆ ಸಂಶಯ ಬೇಡ. ವೀಸಾ ನಿಯಮಗಳು ಬದಲಾಗುತ್ತಿರುತ್ತವೆ. ರಾಯಭಾರ ಕಚೇರಿಯ ಮಾಹಿತಿಯನ್ನೇ ನಂಬುವುದು ಕ್ಷೇಮ.

ಯಶಸ್ಸಿನ ಬೆಲೆ

ಹೆಸರು ಹಬ್ಬಿದಂತೆ ಮೇ ಕಂಪೋಂಗ್‌ನ ಕಿರಿದಾದ ರಸ್ತೆಯಲ್ಲಿ ರಜಾದಿನಗಳಂದು ಕಾರುಗಳ ಸಾಲು ಕಾಣಿಸತೊಡಗಿತು, ಕಾಫಿ ಅಂಗಡಿಗಳು ತಲೆಯೆತ್ತಿದವು. ಒಂದು ಗಂಟೆ ನಿಂತು ಚಿತ್ರ ತೆಗೆದು ಮರಳುವವರಿಂದ ಗ್ರಾಮನಿಧಿಗೆ ಸೇರುವುದು ಅತ್ಯಲ್ಪ. ಊರಿನ ಪಾಲಿಗೆ ಉಳಿಯುವುದು ಸದ್ದು ಮತ್ತು ಕಸ. ವಾರದ ನಡುವಿನ ದಿನಗಳಲ್ಲಿ ಸಮಿತಿಯ ಮೂಲಕವೇ ಕಾಯ್ದಿರಿಸಿ, ಕನಿಷ್ಠ ಎರಡು ರಾತ್ರಿ ತಂಗುವ ಕುಟುಂಬದಿಂದ ಮನೆಗೂ ಆದಾಯ, ಊರಿಗೂ ನೆಮ್ಮದಿ. ಅತಿಥಿ ಸತ್ಕಾರ ಆತಿಥೇಯರ ಕರ್ತವ್ಯವಾದರೆ, ಅವರ ಊರನ್ನು ಊರಾಗಿಯೇ ಉಳಿಸುವುದು ಅತಿಥಿಗಳ ಕರ್ತವ್ಯ.